ಲಾಗೋಸಿಗೆ ಬರುವವರೇ, ಹೆಸರು ನೋಡಿ ಮಣೆ ಹಾಕಬೇಡಿ

ನೈಜೀರಿಯಾದ ವೀಸಾ, ಹಳದಿ ಜ್ವರದ ಲಸಿಕೆಯ ಪತ್ರ, ನಿವಾಸದ ಕಾರ್ಡು ಇವನ್ನೆಲ್ಲ ಕಂಪನಿಯವರೇ ಮಾಡಿಸಿಕೊಡುತ್ತಾರೆ. ಅದನ್ನು ಕೇಳಿ ನನ್ನ ತಲೆ ತಿನ್ನಬೇಡಿ. ಹದಿನಾರು ವರ್ಷ ಇಲ್ಲಿ ಮಾಡಿಕೊಂಡ ಎಡವಟ್ಟುಗಳು ಬೇರೆಯೇ ಇವೆ.

ಮೊದಲ ಸೋಮವಾರ ಸಿಬ್ಬಂದಿಯ ಸಭೆ ಕರೆದೆ. ಎಲ್ಲರೂ ಕುಳಿತ ಕೂಡಲೇ ಮಾರಾಟದ ಲೆಕ್ಕ ಓದತೊಡಗಿದೆ. ಯಾರೂ ಪೆನ್ನು ಮುಟ್ಟಲಿಲ್ಲ. ಹಿರಿಯ ಗುಮಾಸ್ತರೊಬ್ಬರು ಮೆಲ್ಲಗೆ, "ಪ್ರಾರ್ಥನೆ?" ಎಂದರು. "ಅದು ಮನೆಯಲ್ಲಿರಲಿ, ಇದು ಕಚೇರಿ" ಎಂದುಬಿಟ್ಟೆ. ಆಯುಧಪೂಜೆಗೆ ಕಂಪ್ಯೂಟರಿಗೂ ಕುಂಕುಮ ಹಚ್ಚುವ ಊರಿನಿಂದ ಬಂದವನು! ಆ ವಾರವಿಡೀ ನನ್ನ ಒಂದು ಕಡತವೂ ಮೇಜಿನಿಂದ ಮೇಜಿಗೆ ಚಲಿಸಲಿಲ್ಲ. ಇಲ್ಲಿ ಸಭೆಯನ್ನು ಕ್ರೈಸ್ತರೊಬ್ಬರು ಪ್ರಾರ್ಥಿಸಿ ಆರಂಭಿಸಿದರೆ ಮುಸ್ಲಿಮರೊಬ್ಬರು ಪ್ರಾರ್ಥಿಸಿ ಮುಗಿಸುತ್ತಾರೆ. ಎರಡು ತಿಂಗಳ ಮೇಲೆ ಮುಗಿಸುವ ಸರದಿಯನ್ನು ಅವರಾಗಿ ನನಗೇ ಕೊಟ್ಟರು. ಅಜ್ಜಿ ಕಲಿಸಿದ್ದ ಊಟದ ಶ್ಲೋಕವೊಂದನ್ನು ಗಾಬರಿಯಲ್ಲಿ ಒದರಿದೆ. ಎಲ್ಲರೂ ಒಟ್ಟಿಗೆ "ಆಮಿನ್" ಎಂದರು. ಇಲ್ಲಿನವರ ಯೊರುಬಾ ಭಾಷೆಯಲ್ಲಿ ಚರ್ಚಿನ ಪ್ರಾರ್ಥನೆಗೂ ಮಸೀದಿಯ ಪ್ರಾರ್ಥನೆಗೂ ಕೊನೆಯಲ್ಲಿ ತಥಾಸ್ತು ಎನ್ನಲು ಅದೊಂದೇ ಪದ.

"ನೀವು ಕ್ರೈಸ್ತರೋ ಮುಸ್ಲಿಮರೋ?" ಎಂದು ಟ್ಯಾಕ್ಸಿಯವನೂ ಕೇಳುತ್ತಾನೆ. ಮುಜುಗರ ಬೇಡ, ಕುಶಲ ಕೇಳಿದಷ್ಟೇ ಸಹಜ. "ಎರಡೂ ಅಲ್ಲ" ಎಂದರೆ ಮಾತ್ರ ದೇವರೇ ಇಲ್ಲದವನೆಂದು ಮರುಗುತ್ತಾರೆ. ಹಿಂದೂ ಎನ್ನಿ, ದಿನವೂ ಕೈ ಮುಗಿಯುತ್ತೇನೆ ಎನ್ನಿ.

ನಮ್ಮ ದೊಡ್ಡ ಚಟವೊಂದಿದೆಯಲ್ಲ, ಹೆಸರು ಕೇಳಿದೊಡನೆ ಜಾತಿ ಊಹಿಸುವುದು, ಅದು ಇಲ್ಲಿ ಮುಗ್ಗರಿಸುತ್ತದೆ. ಬಾಬಾತುಂಡೆ ಎಂದರೆ 'ತಂದೆ ಮರಳಿ ಬಂದ'; ಅಜ್ಜ ತೀರಿಕೊಂಡ ಮೇಲೆ ಹುಟ್ಟಿದ ಗಂಡುಮಗುವಿಗೆ ಇಡುವ ಹೆಸರು, ನಾವು ಮೊಮ್ಮಗನಿಗೆ ತಾತನ ಹೆಸರಿಟ್ಟ ಹಾಗೆ. ನಮ್ಮ ಕಚೇರಿಯಲ್ಲಿ ಆ ಹೆಸರಿನವರು ಇಬ್ಬರಿದ್ದರು. ಒಬ್ಬರು ಶುಕ್ರವಾರ ಮಧ್ಯಾಹ್ನ ಮಾಯವಾಗುತ್ತಿದ್ದರು, ಇನ್ನೊಬ್ಬರು ಭಾನುವಾರ ಫೋನೇ ಎತ್ತುತ್ತಿರಲಿಲ್ಲ. ಇಷ್ಟಾಗಿಯೂ ಬುದ್ಧಿ ಬರಲಿಲ್ಲ. ಮೊದಲ ಕ್ರಿಸ್‌ಮಸ್‌ಗೆ ಅಕ್ಕಿ, ಎಣ್ಣೆ, ಟೊಮೆಟೊ ಡಬ್ಬಿಯ ಬುಟ್ಟಿ ಹಂಚುವಾಗ ಅರಬ್ಬಿ ಹೆಸರಿನವರನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಿದೆ. ಸೂಕ್ಷ್ಮ ಅರಿತವನೆಂದು ನನಗೆ ನಾನೇ ಬೆನ್ನು ತಟ್ಟಿಕೊಂಡದ್ದೂ ಉಂಟು. ಸಂಜೆ ಚಾಲಕ ಕಾರಿನ ಕನ್ನಡಿಯಲ್ಲೇ ನೋಡುತ್ತಾ ಕೇಳಿದ: "ನನ್ನ ತಾಯಿ ಚರ್ಚಿಗೆ ಹೋಗುತ್ತಾಳೆ, ಸರ್. ಆಕೆಗೆ ಏನು ಹೇಳಲಿ?"

ಅಂಥ ಮನೆಗಳು ಇಲ್ಲಿ ಅಪರೂಪವಲ್ಲ. 2023ರಲ್ಲಿ ಅಧ್ಯಕ್ಷರಾದ ಬೋಲಾ ಟಿನುಬು ಮುಸ್ಲಿಂ, ಪತ್ನಿ ಒಲುರೆಮಿ ರಿಡೀಮ್ಡ್ ಚರ್ಚಿನ ಪಾಸ್ಟರ್. ಹಬ್ಬದ ಶುಭಾಶಯವೂ ಒಂದೇ, "ಎ ಕು ಒಡುನ್". ಕ್ರಿಸ್‌ಮಸ್‌ಗೂ ಅದೇ, ಇಲೆಯಾ ಎಂದು ಕರೆಯುವ ಬಕ್ರೀದ್‌ಗೂ ಅದೇ. ಇಲೆಯಾದ ದಿನ ಟಗರಿನ ಮಾಂಸ ಕ್ರೈಸ್ತ ನೆರೆಯವರಿಗೂ ಬರುತ್ತದೆ, ನಿಮಗೂ ಬರುತ್ತದೆ. ನಾವು ಸಸ್ಯಾಹಾರಿಗಳೆಂದು ಬಾಗಿಲಲ್ಲೇ ಉಪನ್ಯಾಸ ಕೊಟ್ಟು ಹಿಂತಿರುಗಿಸಿದ ಮಹಾನುಭಾವ ನಾನು. ಪಕ್ಕದ ಮನೆಯಾಕೆ ಒಂದು ವರ್ಷ ಮುಖ ಕೊಟ್ಟು ಮಾತಾಡಲಿಲ್ಲ. ಎರಡೂ ಕೈಯಲ್ಲಿ ಪಡೆದು, ಕಾವಲುಗಾರನಿಗೆ ದಾಟಿಸಿ.

ಆದರೆ ಲಾಗೋಸಿನ ಸಲಿಗೆಯನ್ನು ಉತ್ತರಕ್ಕೆ ಹೊತ್ತೊಯ್ಯಬೇಡಿ. ಅಲ್ಲಿನ ಕಡುನಾ ನಗರದ ಊಟದ ಮೇಜಿನಲ್ಲಿ ನಾನು ಚರ್ಚು-ಮಸೀದಿಯ ತಮಾಷೆಯೊಂದನ್ನು ಹೇಳಿದಾಗ ಚಮಚಗಳ ಸದ್ದೂ ನಿಂತಿತು. 2000ದಲ್ಲಿ ಶರಿಯಾ ಕಾನೂನಿನ ವಿಷಯಕ್ಕೆ ಅಲ್ಲಿ ಎದ್ದ ಗಲಭೆಗಳಲ್ಲಿ ಸತ್ತವರು ಸಾವಿರಕ್ಕೂ ಹೆಚ್ಚು. ಆಮೇಲೆ ಜನ ಮನೆ ಬದಲಿಸಿದರು. ಊರ ನಡುವಿನ ನದಿಯ ಉತ್ತರಕ್ಕೆ ಹೆಚ್ಚಾಗಿ ಮುಸ್ಲಿಮರು, ದಕ್ಷಿಣಕ್ಕೆ ಕ್ರೈಸ್ತರು. ಅದೇ ಊರಿನಲ್ಲಿ ಇಮಾಮ್ ಅಶಾಫಾ ಮತ್ತು ಪಾಸ್ಟರ್ ವುಯೆ 1995ರಿಂದ ಜೊತೆಯಾಗಿ ಸಂಧಾನ ಕೇಂದ್ರ ನಡೆಸಿದರು. 1992ರ ಕಾದಾಟದಲ್ಲಿ ಅಶಾಫಾ ತಮ್ಮ ಗುರುವನ್ನೂ ಇಬ್ಬರು ಸೋದರಬಂಧುಗಳನ್ನೂ ಕಳೆದುಕೊಂಡಿದ್ದರು. ಎದುರು ಪಾಳೆಯದಲ್ಲಿದ್ದ ವುಯೆ ಬಲಗೈ ಕಳೆದುಕೊಂಡಿದ್ದರು. ಇದು ಗೊತ್ತಿದ್ದರೆ ನಾನು ಬಾಯಿ ಮುಚ್ಚಿಕೊಂಡು ಅನ್ನ ತಿನ್ನುತ್ತಿದ್ದೆ.

2022ರ ಜೂನ್‌ನಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಲಾಗೋಸಿನ ಸರ್ಕಾರಿ ಶಾಲೆಗಳಲ್ಲಿ ಹಿಜಾಬಿಗೆ ಅವಕಾಶ ಕೊಟ್ಟಿತು. ಅದೇ ವರ್ಷ ಉಡುಪಿಯ ಕಾಲೇಜಿನ ಗೇಟಿನ ಚಿತ್ರಗಳೂ ಇಲ್ಲಿಗೆ ತಲುಪಿದ್ದವು. "ನಿಮ್ಮೂರಿನಲ್ಲಿ ಏನಾಯಿತು?" ಎಂದು ಸಹೋದ್ಯೋಗಿಯೊಬ್ಬಳು ಕೇಳಿದಳು. ಮೊಬೈಲಿನಲ್ಲಿ ನಮ್ಮ ಬಂಧುಗಳ ಗುಂಪು ಕೂಗಾಡುತ್ತಿತ್ತು. ಅದನ್ನು ಅವಳಿಗೆ ಅನುವಾದಿಸುವ ಧೈರ್ಯ ನನಗಿರಲಿಲ್ಲ. ಬದಲಿಗೆ ಹಿಂದೂಗಳೂ ಸೇರಿ ಮಾಡುವ ಕೊಪ್ಪಳದ ಕಡೆಯ ಮೊಹರಂ ವಿವರಿಸಿದೆ: ಅಲಾಯಿ ದೇವರ ಮುಂದಿನ ಬೆಂಕಿಯ ಕುಣಿ, ಹೆಜ್ಜೆ ಕುಣಿತ, ಹರಕೆಗಾಗಿ ಕೊರಳಿಗೆ ಲಾಡಿ ಹಾಕಿಕೊಂಡು ನಾನು ಫಕೀರನಾದದ್ದು, ಅವ್ವ ಮಾಡುತ್ತಿದ್ದ ಸಿಹಿ ಚೊಂಗೆ. ಹೇಳುತ್ತಿದ್ದಂತೆ ಹೊಳೆಯಿತು, ಇದನ್ನು ನಾನು ನನ್ನ ಮಗಳಿಗೇ ಹೇಳಿಲ್ಲ. ಅವಳಿಗೆ ಚರ್ಚಿನ ಕರ್ತನ ಪ್ರಾರ್ಥನೆಯೂ ಬರುತ್ತದೆ, ಕುರಾನಿನ ಫಾತಿಹಾವೂ ಅರ್ಧ ಬರುತ್ತದೆ, ನಮ್ಮ ಊರು ಬರುವುದಿಲ್ಲ.

ಕಳೆದ ಯುಗಾದಿಗೆ ಅವ್ವನಿಗೆ ಫೋನ್ ಮಾಡಿದ್ದೆವು. "ನೂರು ವರ್ಷ ಬಾಳು" ಎಂದು ಅವ್ವ ಹರಸಿದಾಗ ಮಗಳು ಅಭ್ಯಾಸಬಲದಿಂದ "ಆಮಿನ್" ಎಂದಳು. ನಾನು ನಾಲಿಗೆ ಕಚ್ಚಿಕೊಂಡೆ. ಅತ್ತ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಅವ್ವ ನಕ್ಕಳು: "ಅಲಾಯಿ ದೇವರಿಗೆ ಸಕ್ಕರೆ ಓದಿಸುವಾಗ ನೀನೂ ಹೀಗೇ ಎಲ್ಲರಿಗಿಂತ ಮೊದಲು ಕೂಗುತ್ತಿದ್ದೆ."