ಮಲೆನಾಡಿನಲ್ಲಿ ಹೋರಾಟಕ್ಕೂ ಹಾಡುವ ರಾಕ್ ಬ್ಯಾಂಡ್ ನಡೆಸುವುದು ಹೇಗೆ?

ನಿಮ್ಮ ಬ್ಯಾಂಡ್ ಜನರ ಕಷ್ಟದ ಬಗ್ಗೆಯೂ ಹಾಡಬೇಕು ಅಂತ ಮನಸ್ಸು ಮಾಡಿದ್ದೀರಾ? ಹಾಗಾದರೆ ಮೊದಲು ಆಂಪ್ಲಿಫೈಯರ್ ಆಫ್ ಮಾಡಿ ನಿಮ್ಮ ಹಾಡನ್ನು ಒಮ್ಮೆ ಹಾಡಿ ನೋಡಿ. ಶಿವಮೊಗ್ಗದ ಡಿಸಿ ಕಚೇರಿ ಮುಂದೆ ಧರಣಿ ಕೂತವರ ಹತ್ತಿರ ಸಾಮಾನ್ಯವಾಗಿ ಇರುವುದು ಒಂದು ಶಾಮಿಯಾನ, ಒಂದು ಮೈಕು, ಅಷ್ಟೇ. ಅಲ್ಲಿ ಡ್ರಮ್ ಸೆಟ್ ಹರಡಿಕೊಂಡು ಕೂರಲು ಆಗುವುದಿಲ್ಲ. ಹಾಗಾಗಿ ಪ್ರತಿ ಹಾಡಿಗೂ ಎರಡು ರೂಪ ಇರಲಿ. ವೇದಿಕೆಗೆ ನಿಮ್ಮ ಡಿಸ್ಟಾರ್ಷನ್ (ಗಿಟಾರಿನ ಒಡಕು ಸದ್ದು), ಸೋಲೋ ಎಲ್ಲ ಇರುವ ಪೂರ್ತಿ ಹಾಡು, ಬೀದಿಗೆ ಅಕೌಸ್ಟಿಕ್ ಗಿಟಾರ್, ತಮಟೆ ಮತ್ತು ಗಂಟಲು ಮಾತ್ರ. ಪಲ್ಲವಿ ಚಿಕ್ಕದಿರಲಿ, ಎರಡನೇ ಸಲಕ್ಕೇ ಕೂತವರು ದನಿಗೂಡಿಸುವಂತಿರಲಿ. ಶ್ರುತಿ ಜಾಸ್ತಿ ಆಯ್ತು ಅನ್ನಿಸಿದರೆ ಒಂದೆರಡು ಸ್ವರದ ಮನೆ ಇಳಿಸಿ. ಡೊಳ್ಳಿನವರನ್ನು ಕರೆದರೆ ಅವರಿಗೂ ಸಂಭಾವನೆ ಕೊಡಿ, ಅವರ ತಾಳಕ್ಕೆ ನೀವು ಹೊಂದಿಕೊಳ್ಳಿ.

ಇನ್ನು ಹಾಡು ಬರೆಯುವ ವಿಷಯ. ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಮನೆ, ಗದ್ದೆ ಮುಳುಗಿ ಎದ್ದು ಬಂದ ಕುಟುಂಬಗಳು ದಶಕಗಳ ನಂತರವೂ ಹಕ್ಕುಪತ್ರ ಕೇಳಿಕೊಂಡು ಬೀದಿಗಿಳಿದಿವೆ. ಅವರ ಬಗ್ಗೆ ರೂಮಿನಲ್ಲಿ ಕೂತು ಬರೆಯಬೇಡಿ. ಅವರ ಜಗಲಿಯಲ್ಲಿ ಕೂತು, ಅವರು ಹೇಳುವುದನ್ನು ಪೂರ್ತಿ ಕೇಳಿ, ಆಮೇಲೆ ಬರೆದು, ಮೊದಲು ಅವರೆದುರಿಗೇ ಹಾಡಿ, ಅವರು ಇದು ಸರಿಯಿಲ್ಲ ಅಂದ ಸಾಲನ್ನು ಯಾವ ವಾದವನ್ನೂ ಮಾಡದೆ ತೆಗೆದುಹಾಕಿ. ಕಾಗೋಡು ಸತ್ಯಾಗ್ರಹದ ಬಗ್ಗೆ ಓದಿಕೊಳ್ಳಿ. 1951ರಲ್ಲಿ ಸಾಗರ ತಾಲ್ಲೂಕಿನ ಆ ಊರಿನ ಗೇಣಿದಾರರ ಸಿಟ್ಟಿನ ಹಿಂದೆ ಗೇಣಿ ಭತ್ತ ಅಳೆಯಲು ಒಡೆಯರು ಬಳಸುತ್ತಿದ್ದ ದೊಡ್ಡ ಕೊಳಗದ ಜಗಳ ಇತ್ತು. ಅನ್ಯಾಯ, ಶೋಷಣೆ ಅಂತ ಹತ್ತು ಸಲ ಕೂಗುವುದಕ್ಕಿಂತ ಆ ದೊಡ್ಡ ಕೊಳಗವನ್ನು ಹಾಡಿನಲ್ಲಿ ತಂದಿಟ್ಟರೆ ಕೇಳುವವರಿಗೆ ನೇರವಾಗಿ ತಟ್ಟುತ್ತದೆ, ಅಲ್ವಾ?

ಹಾಡುಗಳ ನಡುವೆ ಭಾಷಣ ಬೇಡ. ಯಾರ ಪರ ಹಾಡುತ್ತಿದ್ದೀರಿ, ಅವರು ಕೇಳುತ್ತಿರುವುದೇನು, ಇಷ್ಟು ಹೇಳಿ ಗಿಟಾರ್ ಎತ್ತಿಕೊಳ್ಳಿ.

ದುಡ್ಡಿನ ಮಾತು ಮೊದಲೇ ಆಗಿಬಿಡಲಿ. ಕಾಲೇಜು ಫೆಸ್ಟು, ಹೋಟೆಲ್ ಕಾರ್ಯಕ್ರಮಗಳಿಗೆ ಸರಿಯಾದ ಸಂಭಾವನೆ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಒಂದು ಪಾಲು ಎತ್ತಿಟ್ಟರೆ ಧರಣಿಗೆ ಹೋಗುವ ಪೆಟ್ರೋಲು, ಊಟ ಅದರಲ್ಲೇ ಆಗುತ್ತದೆ. ಪಕ್ಷಗಳ ದುಡ್ಡು ಬೇಡವೇ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇವತ್ತು ಒಂದು ಪಕ್ಷದ ವೇದಿಕೆ ಹತ್ತಿದರೆ, ನಾಳೆ ಅದೇ ಪಕ್ಷದ ಸರ್ಕಾರದ ವಿರುದ್ಧ ಧರಣಿ ಕೂತವರು ನಿಮ್ಮನ್ನು ಯಾಕೆ ನಂಬಬೇಕು?

ಬ್ಯಾಂಡಿನೊಳಗೆ ಎಲ್ಲರಿಗೂ ಒಂದೇ ಧೈರ್ಯ ಇರುವುದಿಲ್ಲ. ಸರ್ಕಾರಿ ನೌಕರಿಯಲ್ಲಿ ಇರುವವರಿಗೆ ರಾಜಕೀಯ ಚಟುವಟಿಕೆಗೆ ಸೇವಾ ನಿಯಮಗಳ ಅಡ್ಡಿ ಇದೆ, ಅವರನ್ನು ಒತ್ತಾಯಿಸಬೇಡಿ. ಬೀದಿಗೆ ಬರಲಾರದ ಬೇಸಿಸ್ಟ್ (ಬೇಸ್ ಗಿಟಾರ್ ನುಡಿಸುವವರು) ರೆಕಾರ್ಡಿಂಗ್ ನೋಡಿಕೊಳ್ಳಲಿ. ಒಬ್ಬರು ಪೂರ್ತಿ ರಾಜಕೀಯಕ್ಕೇ ಹೋಗುತ್ತೇನೆ ಅಂದರೆ ಹೋಗಲಿ ಬಿಡಿ. ಆಸ್ಟ್ರೇಲಿಯಾದ ಮಿಡ್‌ನೈಟ್ ಆಯಿಲ್ ಬ್ಯಾಂಡು 1990ರಲ್ಲಿ ನ್ಯೂಯಾರ್ಕಿನ ಎಕ್ಸಾನ್ ತೈಲ ಕಂಪನಿಯ ಕಚೇರಿ ಮುಂದೆ ಲಾರಿ ಮೇಲೆ ನಿಂತು ಪ್ರತಿಭಟನೆಯಾಗಿ ನುಡಿಸಿತ್ತು. ಅದರ ಗಾಯಕ ಪೀಟರ್ ಗ್ಯಾರೆಟ್ 2002ರಲ್ಲಿ ಬ್ಯಾಂಡ್ ಬಿಟ್ಟರು, 2004ರಲ್ಲಿ ಸಂಸದರಾದರು.

ಊರಲ್ಲಿ ಕಾರ್ಯಕ್ರಮ ಇಡುವಾಗ ಅಡಿಕೆ ಕೊಯ್ಲಿನ ದಿನಗಳನ್ನು ನೋಡಿಕೊಳ್ಳಿ, ಆಗ ರಾತ್ರಿಯೂ ಸುಲಿಯುವ ಕೆಲಸ ಇರುತ್ತದೆ. ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯಿಂದ ಲಿಖಿತ ಅನುಮತಿ ತೆಗೆದುಕೊಳ್ಳಿ. ರಾತ್ರಿ 10ಕ್ಕೆ ಸೌಂಡ್ ನಿಲ್ಲಿಸಲೇಬೇಕು, ಆದ್ದರಿಂದ ಮುಖ್ಯ ಹಾಡನ್ನು ಕೊನೆಗೆ ಇಟ್ಟುಕೊಳ್ಳಬೇಡಿ.