ಹೊಟ್ಟೆ ಯಾವ ಕಡೆಗೆ ಉಬ್ಬಿದೆ?

ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಕಡೆ, ಚಿತ್ರಭಾನುಕೋಟ ಡಾಲಮೈಟಿನ (ಸುಣ್ಣಕಲ್ಲಿನಂಥದೇ, ಮೆಗ್ನೀಸಿಯಮ್ ಬೆರೆತ ಕಲ್ಲು) ಹಳೆಯ ಕ್ವಾರಿಗೆ, ಕಲ್ಲಿನ ಗೆರೆಗಳನ್ನು ನಕಲು ಮಾಡಲು ಊಟದ ಮೇಜಿನ ಪ್ಲಾಸ್ಟಿಕ್ ಹಾಸು ಹೊತ್ತು ಹೋದಾಗ ಜೊತೆಗಿದ್ದವರು ನಕ್ಕರು. ಈಗ ಅವರೇ ಆ ಹಾಳೆಗಳನ್ನು ಎರವಲು ಕೇಳುತ್ತಾರೆ.

ಮೊದಲ ವರ್ಷ ಮರ್ಯಾದೆ ಹೋಗಿತ್ತು, ನಿಜ. ಅಲ್ಲಿ ಪದರಗಳು ಗೋಡೆಯಂತೆ ನಿಂತಿವೆ; ಯಾವುದು ಬುಡ (ಹಳೆಯದು), ಯಾವುದು ತಲೆ (ಹೊಸದು) ಎಂದು ಸುಲಭಕ್ಕೆ ಗೊತ್ತಾಗದು. ದಕ್ಷಿಣದ ಪದರವೇ ಹಳೆಯದೆಂದು ಹಿಡಿದು ಉತ್ತರಕ್ಕೆ ಸುಮಾರು ಎಪ್ಪತ್ತು ಪದರ ಬರೆದೆ. ಅಳೆಯಲು ಬಳಸಿದ್ದು ನೈಲಾನ್ ಹಗ್ಗ. ಅದು ಹಿಗ್ಗಿ ಅರವತ್ತು ಮೀಟರಿಗೆ ಎರಡು-ಮೂರು ಮೀಟರ್ ನುಂಗಿತ್ತು. ಸೀಮೆಸುಣ್ಣದ ಅಂಕಿಗಳನ್ನು ಒಂದೇ ಮಳೆ ತೊಳೆಯಿತು. ಫೋಟೊಗಳೂ ಕೈಕೊಟ್ಟವು: ಮಧ್ಯಾಹ್ನದ ಬಿಸಿಲಿನಲ್ಲಿ ಸ್ಟ್ರೊಮಾಟೊಲೈಟ್ (ಸೂಕ್ಷ್ಮಜೀವಿಗಳ ಚಾಪೆ ಪದರಪದರವಾಗಿ ಕಮಾನಿನಂತೆ ಬೆಳೆದು ಕಲ್ಲಾದದ್ದು) ಬರೀ ಬೂದುಗಲ್ಲು.

ಕೊನೆಯ ದಿನ ಸಂಜೆಯ ಓರೆ ಬೆಳಕು ಬಿದ್ದಾಗ ಕಮಾನುಗಳು ಎದ್ದು ಕಂಡವು. ಎಲ್ಲದರ ಹೊಟ್ಟೆಯೂ ದಕ್ಷಿಣಕ್ಕೇ ಉಬ್ಬಿತ್ತು! ಸೂಕ್ಷ್ಮಜೀವಿಗಳ ಚಾಪೆ ಬೆಳೆಯುವುದು ಮೇಲಕ್ಕೆ, ಉಬ್ಬು ತೋರಿಸುವುದೂ ಆಗಿನ ಮೇಲನ್ನೇ, ಅಂದರೆ ಹೊಸ ಪದರದ ಕಡೆಯನ್ನೇ. ನನ್ನ ಇಡೀ ನೋಟ್‌ಬುಕ್ ತಲೆಕೆಳಗಾಗಿತ್ತು.

ಮರುವರ್ಷ ಫೈಬರ್ ಟೇಪ್ ಒಯ್ದೆ. ಕಲ್ಲನ್ನು ಒದ್ದೆ ಮಾಡಿ ಒರೆಸಿ, ಪ್ಲಾಸ್ಟಿಕ್ ಅಂಟಿಸಿ, ಗೆರೆಗಳನ್ನು ನಿಜ ಅಳತೆಯಲ್ಲೇ ಎಳೆದೆ. ಪ್ರತಿ ಹಾಳೆಯ ಮೇಲೆ ಉತ್ತರದ ಬಾಣ, ಟೇಪಿನ ಅಂಕಿ, ಉಬ್ಬಿನ ಬಾಣ. ಮೊದಲು ತಂದ ಮಾರ್ಕರಿನ ಶಾಯಿ ಬೆವರಿಗೇ ಅಳಿಸಿತು, ಸಿ.ಡಿ. ಮಾರ್ಕರ್ ಉಳಿಯಿತು. ಹಾಸು, ಪೆನ್ನು, ಟೇಪ್ ಸೇರಿ ಎರಡು ಸಾವಿರದ ಆಸುಪಾಸು. ಬೈಕಿನ ಪೆಟ್ರೋಲಿಗೆ ಅದರ ಎರಡು ಪಟ್ಟು ಹೋಯಿತು, ಎಲ್ಲವೂ ನನ್ನ ಜೇಬಿನಿಂದಲೇ. ನೀರಿಗೆ ಏನು ಬೆರೆಸಿದರೆ ಗೆರೆ ಹತ್ತು ನಿಮಿಷ ನಿಲ್ಲುತ್ತದೆ ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ.

ನಡುವೆ ಒಂದು ಹುಚ್ಚು: ಸುಣ್ಣಕಲ್ಲು ಯಾವುದು, ಡಾಲಮೈಟ್ ಯಾವುದು ಎಂದು ಗುರುತಿಸುವ ಆಸಿಡ್ ಶೀಶೆ ಮರೆತ ದಿನ ರೊಟ್ಟಿಯ ಗಂಟಿನಲ್ಲಿದ್ದ ನಿಂಬೆಹಣ್ಣು ಹಿಂಡಿ ನೋಡಿದೆ. ಸುಣ್ಣಕಲ್ಲಿನ ಮೇಲೆ ಮಂದವಾಗಿ ಗುಳ್ಳೆ ಎದ್ದಿತು, ಡಾಲಮೈಟ್ ಜಪ್ಪಯ್ಯ ಎನ್ನಲಿಲ್ಲ. ಬಾದಾಮಿಯ ಮರಳುಗಲ್ಲಿನಲ್ಲೂ ಹಾಳೆ ಹಿಡಿದು ನೋಡಿದೆ; ಅಲ್ಲಿ ಪದರಗಳು ಹೆಚ್ಚುಕಡಿಮೆ ಮಟ್ಟಸ, ತಲೆ-ಬುಡದ ಜಗಳವೇ ಇಲ್ಲ, ಬೇಸರ ಬಂತು.

ಮೂವತ್ತೆಂಟೋ ನಲವತ್ತೋ ಹಾಳೆಗಳಾದವು. ಎರಡರಲ್ಲಿ ಮಾತ್ರ ಉಬ್ಬು ಸ್ಪಷ್ಟವಿಲ್ಲ. ಅವುಗಳಿಗೆ ಪ್ರಶ್ನೆಚಿಹ್ನೆ ಹಾಕಿ ಬಿಟ್ಟಿದ್ದೇನೆ. ಡ್ರೋನ್ ಹಾರಿಸಿದ ಗೆಳೆಯ ಆ ಎರಡನ್ನು ಬಿಡಿಸಿಕೊಡುತ್ತೇನೆಂದು ಹೋದವನು ಇನ್ನೂ ಬಂದಿಲ್ಲ.