ಐಸ್ ಎಲ್ಲಿ ತುಂಬಿಸ್ತಾರೆ? ಕಥೆಗೊಂದು ದೂರದ ನಕ್ಷತ್ರ ಗುಚ್ಛ ಕಟ್ಟುವ ಬಗೆ

ಸ್ಪೇಸ್ ಒಪೆರಾ, ಅಂದ್ರೆ ನಕ್ಷತ್ರಗಳ ನಡುವೆ ನಡೆಯುವ ಸಾಹಸದ ಕಥೆ, ಬರೆಯಲು ಕೂತವರು ಮೊದಲು ಮಾಡುವ ತಪ್ಪನ್ನು ನಾನೂ ಮಾಡಿದ್ದೆ. ನಲವತ್ತು ಗ್ರಹ, ನಲವತ್ತು ರಾಜರು, ನಾಲಿಗೆ ಹೊರಳದ ಹೆಸರುಗಳು, ಕೊನೆಗೊಂದು ಮಹಾಯುದ್ಧ. ಕಾರವಾರದಲ್ಲಿ ಬೋಟಿನ ತಾಂಡೇಲ, ಅಂದ್ರೆ ಬೋಟು ನಡೆಸುವ ಮುಖ್ಯಸ್ಥ, ಆಗಿರುವ ನಮ್ಮ ಭಾವನಿಗೆ ಕಥೆ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ ಒಂದೇ ಪ್ರಶ್ನೆ: "ಅಲ್ಲೋ, ನಿನ್ನ ಹಡಗಿನವರು ಐಸ್ ಎಲ್ಲಿ ತುಂಬಿಸ್ತಾರೆ?"

ಉತ್ತರ ಇರಲಿಲ್ಲ. ಮೀನಿಗೆ ಹೊರಡುವ ಬೋಟು ಡೀಸೆಲ್, ನೀರು, ಐಸ್ ಮೂರನ್ನೂ ತುಂಬಿಕೊಂಡೇ ಬಂದರು ಬಿಡುತ್ತದೆ. ನನ್ನ ಹಡಗುಗಳು ಸುಮ್ನೆ ಹಾರುತ್ತಿದ್ದವು. ಅವತ್ತೇ ನಲವತ್ತೂ ರಾಜರನ್ನು ಹರಿದು ಹಾಕಿ, ಹೊಸದಾಗಿ ಒಂದು ಗುಚ್ಛ ಕಟ್ಟಲು ಕೂತೆ. ಅದರ ಹೆಸರು ಬಳಚುಗುಪ್ಪೆ. ಅಘನಾಶಿನಿ ಕಡೆಯವರಿಗೆ ಬಳಚು ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ, ಅಳಿವೆಯ ಕೆಸರಲ್ಲಿ ಕೈ ಹಾಕಿ ಹೆಕ್ಕುವ ಚಿಪ್ಪಿನ ಜೀವಿ.

ಮೊದಲ ಕೆಲಸ ಗುಚ್ಛದ ಜಾತಿ ಆರಿಸುವುದು. ಗುಚ್ಛ ಅಂದ್ರೆ ಒಟ್ಟಿಗೇ ಇರುವ ನಕ್ಷತ್ರಗಳ ಗುಂಪು. ಮುಖ್ಯವಾಗಿ ಎರಡಿವೆ, ಸಡಿಲವಾಗಿ ಹರಡಿಕೊಂಡ ತೆರೆದ ಗುಚ್ಛ ಮತ್ತು ಉಂಡೆಯ ಹಾಗೆ ಒತ್ತೊತ್ತಾಗಿರುವ ಗೋಳಗುಚ್ಛ. ಓದುವ ಮೊದಲು ಹೊರಗೆ ಹೋಗಿ ನೋಡಿ. ಡಿಸೆಂಬರ್ ರಾತ್ರಿ ನೆತ್ತಿಯ ಹತ್ತಿರ ಕಾಣುವ ಕೃತ್ತಿಕೆ ತೆರೆದ ಗುಚ್ಛ. ಬರಿಗಣ್ಣಿಗೆ ಆರೇಳು ಚುಕ್ಕೆ, ಆದರೆ ಇರುವುದು ಸಾವಿರದಷ್ಟು ನಕ್ಷತ್ರ. ದೂರ ಸುಮಾರು 440 ಜ್ಯೋತಿರ್ವರ್ಷ (ಒಂದು ಜ್ಯೋತಿರ್ವರ್ಷ ಅಂದ್ರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ). ಗೇರುಸೊಪ್ಪೆಯಲ್ಲಿ ಚೆನ್ನಭೈರಾದೇವಿ ಆಳುತ್ತಿದ್ದಾಗ ಅಲ್ಲಿಂದ ಹೊರಟ ಬೆಳಕು ಈಗ ನಮ್ಮ ಅಂಗಳಕ್ಕೆ ಬೀಳುತ್ತಿದೆ.

ಗೋಳಗುಚ್ಛಕ್ಕೆ ಮೇ ತಿಂಗಳು ಒಳ್ಳೆಯದು, ಮಳೆಮೋಡ ಬರುವ ಮುಂಚೆ. ಬಂದರಿನ ದೀಪಗಳಿಂದ ದೂರ ಹೋಗಿ, ರಾತ್ರಿ ಹತ್ತರ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಕೈ ಚಾಚಿ ಮುಷ್ಟಿ ಹಿಡಿದರೆ ದಿಗಂತದಿಂದ ಮೂರು ಮುಷ್ಟಿಗೆ ಸ್ವಲ್ಪ ಕಡಿಮೆ ಎತ್ತರದಲ್ಲಿ, ಶಿಲುಬೆಯ ಆಕಾರದ ತ್ರಿಶಂಕು ನಕ್ಷತ್ರಗಳ ಎಡಕ್ಕೆ ತುಸು ಮೇಲೆ, ಒರೆಸಿದ ಹಾಗೆ ಮಸುಕಾದ ಒಂದು ಚುಕ್ಕೆ ಇರುತ್ತದೆ. ಬೈನಾಕ್ಯುಲರ್ ಇದ್ದರೆ ಗ್ಯಾರಂಟಿ ಸಿಗುತ್ತದೆ. ಅದು ಒಮೇಗಾ ಸೆಂಟಾರಿ. ಸುಮಾರು 17,000 ಜ್ಯೋತಿರ್ವರ್ಷ ದೂರ, ಒಂದು ಕೋಟಿಯಷ್ಟು ನಕ್ಷತ್ರ.

ನೋಡಲು ಗೋಳಗುಚ್ಛವೇ ಚೆಂದ, ಆದರೆ ಅಲ್ಲಿ ಸಂಸಾರ ಹೂಡುವುದು ಕಷ್ಟ. ಅಲ್ಲಿನ ನಕ್ಷತ್ರಗಳು ಸಾವಿರ ಕೋಟಿ ವರ್ಷಕ್ಕೂ ಹಳೆಯವು. ಅವು ಹುಟ್ಟುವಾಗ ವಿಶ್ವದಲ್ಲಿ ಕಬ್ಬಿಣದಂಥ ಭಾರದ ಧಾತುಗಳು ಕಡಿಮೆ ಇದ್ದವು, ಹಾಗಾಗಿ ಕಲ್ಲುಮಣ್ಣಿನ ಗ್ರಹ ಆಗಲು ಸರಕೇ ಸಾಲದು. 1999ರಲ್ಲಿ ಹಬಲ್ ದೂರದರ್ಶಕ 47 ಟುಕಾನೇ ಎಂಬ ಗೋಳಗುಚ್ಛದಲ್ಲಿ ಸುಮಾರು 34,000 ನಕ್ಷತ್ರಗಳನ್ನು ಎಂಟು ದಿನ ಕಾದು ನೋಡಿತು, ನಕ್ಷತ್ರಕ್ಕೆ ಅಂಟಿಕೊಂಡಂತೆ ಸುತ್ತುವ ದೊಡ್ಡ ಗ್ರಹಗಳನ್ನು ಹುಡುಕಿಕೊಂಡು. ಒಂದೂ ಸಿಗಲಿಲ್ಲ. ಆದರೂ ನಿಮಗೆ ಗೋಳಗುಚ್ಛವೇ ಬೇಕು ಅಂದ್ರೆ ಆ ಕೊರತೆಯನ್ನೇ ಕಥೆ ಮಾಡಿ: ಅಲ್ಲಿ ಮಗಳ ಮದುವೆಗೆ ಬಂಗಾರದ ಬದಲು ಕಬ್ಬಿಣದ ಮೊಳೆ ಕೂಡಿಡುತ್ತಾರೆ. ರಾತ್ರಿಯೂ ಅಲ್ಲಿ ಪೂರ್ತಿ ಕತ್ತಲಾಗುವುದಿಲ್ಲ, ಆಕಾಶದ ತುಂಬ ಅಷ್ಟು ನಕ್ಷತ್ರ. ಕತ್ತಲೇ ಇಲ್ಲದ ಊರಲ್ಲಿ ಬೆಳತನಕ ಯಕ್ಷಗಾನ ನೋಡುವ ಮಜಾ ಎಲ್ಲಿಂದ ಬರಬೇಕು, ಅಲ್ವಾ?

ಕೃತ್ತಿಕೆಯಂಥದ್ದಕ್ಕೆ ಉಲ್ಟಾ ಸಮಸ್ಯೆ. ಅದರ ವಯಸ್ಸು ಹತ್ತು ಕೋಟಿ ವರ್ಷದ ಆಸುಪಾಸು, ನಮ್ಮ ಭೂಮಿಗೆ 450 ಕೋಟಿ. ಅಲ್ಲಿ ಅಲ್ಲಿಯದೇ ಪ್ರಾಣಿ, ಕಾಡು ಬೆಳೆಯಲು ಪುರುಸೊತ್ತೇ ಆಗಿಲ್ಲ. ಹೊರಗಿನಿಂದ ಹೋಗಿ ನೆಲೆಸಿದವರು ಮಾತ್ರ ಇರಲು ಸಾಧ್ಯ.

ನಾನು ನಡುವಿನ ದಾರಿ ಹಿಡಿದೆ. ಕರ್ಕಾಟಕ ರಾಶಿಯಲ್ಲಿ ಎಂ 67 ಅಂತ ಒಂದು ತೆರೆದ ಗುಚ್ಛವಿದೆ, ಸುಮಾರು 2,800 ಜ್ಯೋತಿರ್ವರ್ಷ ದೂರ. ಸಾಮಾನ್ಯವಾಗಿ ತೆರೆದ ಗುಚ್ಛಗಳು ಕೆಲವು ಹತ್ತಾರು ಕೋಟಿ ವರ್ಷಗಳಲ್ಲಿ ಚದುರಿ ಹೋಗುತ್ತವೆ, ಇದು ಮಾತ್ರ 400 ಕೋಟಿ ವರ್ಷ ಒಟ್ಟಿಗೇ ಉಳಿದಿದೆ. ಸೂರ್ಯನಂಥ ನಕ್ಷತ್ರಗಳಿವೆ, ಗ್ರಹಗಳೂ ಪತ್ತೆಯಾಗಿವೆ. ಬಳಚುಗುಪ್ಪೆ ಇದರ ದಾಯಾದಿ ಅಂದುಕೊಳ್ಳಿ.

ಈಗ ದೂರದ ಲೆಕ್ಕ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಜಾಸ್ತಿ ಕಥೆಗಳು ಕೆಡುವುದು ಇಲ್ಲೇ. "ಸಾವಿರಾರು ಜ್ಯೋತಿರ್ವರ್ಷ ದೂರ" ಅಂತ ಬರೆದರೆ ಓದುವವರಿಗೆ ಏನೂ ಅನ್ನಿಸುವುದಿಲ್ಲ. ಕುಮಟಾದಿಂದ ಶಿರಸಿಗೆ ಅರವತ್ತು ಕಿಲೋಮೀಟರ್ ಚಿಲ್ಲರೆ. ಬೇಸಿಗೆಯಲ್ಲಿ ಬೆಳಿಗ್ಗೆ ಹಿಡಿದ ಬಂಗಡೆ ಮಧ್ಯಾಹ್ನದ ಸಾರಿಗೆ ಶಿರಸಿಯಲ್ಲಿರುತ್ತದೆ. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಮಣ್ಣು ಜಾರಿ ರಸ್ತೆ ಬಂದಾಯಿತು ಅನ್ನಿ, ಅದೇ ಶಿರಸಿ ಬೇರೆ ದೇಶ. ರಸ್ತೆ ಒಂದು ಇಂಚೂ ಉದ್ದ ಆಗಿಲ್ಲ. ಹಾಗಾಗಿ ನಿಮ್ಮ ಗುಚ್ಛಕ್ಕೆ ಸರಕಿನ ಹಡಗು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬಾರದಿದ್ದರೆ ಮೊದಲು ಏನು ಮುಗಿಯುತ್ತದೆ, ಈ ಎರಡನ್ನು ಮೊದಲು ಬರೆದಿಡಿ. ಮ್ಯಾಪ್ ಆಮೇಲೆ ಬಿಡಿಸಿದರಾಯಿತು.

ಗುಚ್ಛದ ತನಕ ಹೋಗಲು ಬೆಳಕಿಗಿಂತ ವೇಗದ ದಾರಿ ಏನಾದರೂ ಕಲ್ಪಿಸಲೇಬೇಕು. ವಾಯೇಜರ್ 1 ಎಂಬ ವ್ಯೋಮನೌಕೆ ಸೆಕೆಂಡಿಗೆ 17 ಕಿಲೋಮೀಟರ್ ಓಡುತ್ತಿದೆ, ಆ ಲೆಕ್ಕದಲ್ಲಿ ಒಂದೇ ಒಂದು ಜ್ಯೋತಿರ್ವರ್ಷಕ್ಕೆ ಹದಿನೇಳು ಸಾವಿರ ವರ್ಷಕ್ಕೂ ಜಾಸ್ತಿ ಬೇಕು. ಆದರೆ ಸುಳ್ಳು ಒಂದೇ ಇರಲಿ, ಅದಕ್ಕೂ ಒಂದು ಕಟ್ಟುಪಾಡು ಇರಲಿ. ನಮ್ಮಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬಳಚುಗುಪ್ಪೆಗೂ ಒಂದು ಮಳೆಗಾಲ ಇಟ್ಟೆ. ಕೃತ್ತಿಕೆ ಈಗ ನಿಜವಾಗಿಯೂ ಒಂದು ದೂಳಿನ ಮೋಡದ ಒಳಗೆ ಹಾದು ಹೋಗುತ್ತಿದೆ, ಫೋಟೋಗಳಲ್ಲಿ ಕಾಣುವ ನೀಲಿ ಮಬ್ಬು ಅದೇ. ನನ್ನ ಗುಚ್ಛದ ದಾರಿಗೂ ಅಂಥದ್ದೇ ಮೋಡ ಅಡ್ಡ ಬರುತ್ತದೆ, ಬಂದಾಗ ಹನ್ನೊಂದು ವರ್ಷ ಹಡಗು ಬಂದ್. ಹನ್ನೊಂದು ಯಾಕೆ ಅಂದ್ರೆ, ಬಂದ್ ಶುರುವಾದಾಗ ಹುಟ್ಟಿದ ಮಗು ಹೊರಗಿನ ಒಂದು ಮುಖವನ್ನೂ ನೋಡದೆ ಆರನೇ ಕ್ಲಾಸಿನ ಹೊಸ್ತಿಲಿಗೆ ಬರಬೇಕಿತ್ತು.

ಗುಚ್ಛದ ಒಳಗೆ ಓಡಾಡಲು ಸುಳ್ಳು ಬೇಡವೇ ಬೇಡ. ಗೋಳಗುಚ್ಛದಲ್ಲಿ ನಕ್ಷತ್ರಗಳು ಒತ್ತೊತ್ತಾಗಿರುವ ಕಡೆ ಎರಡರ ನಡುವೆ ಜ್ಯೋತಿರ್ವರ್ಷದ ಹತ್ತನೇ ಒಂದು ಪಾಲು ದೂರ ಇಡಬಹುದು, ಒಮೇಗಾ ಸೆಂಟಾರಿಯ ನಡುಭಾಗದಲ್ಲಿ ಹೆಚ್ಚುಕಡಿಮೆ ಅಷ್ಟೇ ಇದೆ. ಬೆಳಕಿನ ಹತ್ತನೇ ಒಂದು ಪಾಲು ವೇಗದ ಹಡಗಿಗೆ ಒಂದು ವರ್ಷದ ಪ್ರಯಾಣ. ರೇಡಿಯೋ ಸಂದೇಶ 36 ದಿನಕ್ಕೆ ಮುಟ್ಟುತ್ತದೆ. ತಕ್ಷಣ ಕಥೆ ಹುಟ್ಟಿತು ನೋಡಿ: ಹುಡುಗ ಒಪ್ಪಿಗೆಯೇ ಅಂತ ಕೇಳಿದರೆ ಉತ್ತರ ಬರಲು ಎರಡೂವರೆ ತಿಂಗಳು ಬೇಕು. ನೆಂಟರಂತೂ ಬರುವುದು ತೊಟ್ಟಿಲ ಶಾಸ್ತ್ರಕ್ಕೇ.

ವ್ಯಾಪಾರಕ್ಕೆ ಚೆನ್ನಭೈರಾದೇವಿಯ ಹತ್ತಿರ ಕಲಿಯಬೇಕು. ಪೋರ್ಚುಗೀಸರು ಆಕೆಯನ್ನು ಕರಿಮೆಣಸಿನ ರಾಣಿ ಅಂತ ಕರೆದರು. ಅಷ್ಟು ದೂರದಿಂದ ಹಡಗು ಬಂದದ್ದು ಅಕ್ಕಿಗಲ್ಲ, ಹಗುರವಾಗಿದ್ದು, ಕೆಡದೆ ಉಳಿದು, ಅವರ ಊರಲ್ಲಿ ಬೆಳೆಯದ ಕಾಳಿಗೆ. ನಿಮ್ಮ ಗುಚ್ಛದಿಂದಲೂ ಅಂಥದ್ದು ಒಂದೇ ಹೊರಗೆ ಹೋಗಲಿ. ಅದಿರು, ಧಾನ್ಯ ಹೊತ್ತು ನಕ್ಷತ್ರ ದಾಟುವ ಹಡಗನ್ನು ನಾನಂತೂ ನಂಬುವುದಿಲ್ಲ.

ಹೆಸರುಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಗದ್ದೆ, ಕೇರಿ, ಕಟ್ಟಾ, ಕೊಡ್ಲು ಅಂತ ನಮ್ಮ ಊರುಗಳ ಬಾಲ ಸಾಕಷ್ಟಿವೆ. ಎಂ 67ಕ್ಕೆ ಖಗೋಳ ವಿಜ್ಞಾನಿಗಳ ಪಟ್ಟಿಯಲ್ಲಿ ಎನ್‌ಜಿಸಿ 2682 ಅಂತಲೂ ಹೆಸರಿದೆ. ಅಂಥ ನಂಬರನ್ನು ಸರ್ಕಾರಿ ಕಾಗದದಲ್ಲಿ ಇಡಿ, ಜನರ ಬಾಯಲ್ಲಿ ಬೇರೆಯೇ ಇರಲಿ. ಸೂಪಾ ಊರು ಅಣೆಕಟ್ಟಿನ ನೀರಲ್ಲಿ ಮುಳುಗಿ ದಶಕಗಳಾದವು, ಹಳಬರು ಜೋಯಿಡಾ ತಾಲೂಕಿಗೆ ಇನ್ನೂ ಸೂಪಾ ಅಂತಲೇ ಹೇಳುತ್ತಾರೆ. ಬಿಟ್ಟು ಬಂದ ಊರಿನ ಹೆಸರನ್ನು ಜನ ಅಷ್ಟು ಸುಲಭದಲ್ಲಿ ಬಿಡುವುದಿಲ್ಲ, ಬೇರೆ ನಕ್ಷತ್ರಕ್ಕೆ ಹೋದರೂ.

ಇಷ್ಟಾದ ಮೇಲೆ ಒಂದು ಪುಟ ಬರೆಯಿರಿ. ಹಡಗು ಬರಬೇಕಿದ್ದ ದಿನ, ಬಂದಿಲ್ಲ, ಬಂದರಿನ ಧಕ್ಕೆಯ ಮೇಲೆ ಯಾರು ನಿಂತಿದ್ದಾರೆ, ಕೈಯಲ್ಲಿ ಏನಿದೆ. ಅದನ್ನು ಕಥೆ ಓದದ, ಆದರೆ ಕಡಲಿಗೆ ಹೋಗಿ ಬರುವ ಯಾರಿಗಾದರೂ ಹೇಳಿ.

ನಾನು ಎರಡನೇ ಸಲ ಭಾವನ ಹತ್ತಿರ ಹೋದಾಗ ಉತ್ತರ ಇಟ್ಟುಕೊಂಡೇ ಹೋಗಿದ್ದೆ. ಧೂಮಕೇತು ಅಂದ್ರೆ ದೂಳು ಬೆರೆತ ಮಂಜುಗಡ್ಡೆಯೇ, ಬಳಚುಗುಪ್ಪೆಯವರು ಅದನ್ನೇ ಒಡೆದು ತುಂಬಿಸಿಕೊಳ್ಳುತ್ತಾರೆ, ನೀರೂ ಅದೇ, ಇಂಧನವೂ ಅದರಿಂದಲೇ ಅಂದೆ. ತಲೆ ಆಡಿಸಿದರು. ಬಲೆಯ ಗಂಟು ಬಿಡಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಡೆಯೋ ಕೂಲಿ ಯಾರು ಕೊಡ್ತಾರೆ?" ಅಂತ ಕೇಳಿದರು. ಈಗ ಮೂರನೇ ಅಧ್ಯಾಯ ಅದರ ಮೇಲೇ ನಡೆಯುತ್ತಿದೆ.